ಹೋಗಿ ಬರ್ತೀನಿ ಅಂದವರ ಜಾಗ

ನಮ್ಮ ಊರಿನಲ್ಲಿ ಇರುವುದು ಒಂದೇ ಮನೆ. ಊರಿನವರೆಲ್ಲ ಅದರಲ್ಲೇ ಇದ್ದೇವೆ, ಪ್ರತಿಯೊಬ್ಬರೂ ಅದು ತಮ್ಮೊಬ್ಬರದೇ ಮನೆ ಎಂಬಂತೆ. ನನ್ನ ಅಡುಗೆಮನೆಯಲ್ಲಿ ನಾನು ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ, ಅದೇ ಅಡುಗೆಮನೆಯ ಅದೇ ಕಟ್ಟೆಯ ಮುಂದೆ ಪಕ್ಕದ ಪಾಲಿನ ಚೆಲುವಾಂಬಕ್ಕ ಮೀನು ತೊಳೆಯುತ್ತಿರುತ್ತಾಳೆ. ನನಗೆ ಅವಳು ಕಾಣುವುದಿಲ್ಲ, ಅವಳಿಗೆ ನಾನು ಕಾಣುವುದಿಲ್ಲ, ವಾಸನೆಯೂ ಆಚೀಚೆ ಆಗುವುದಿಲ್ಲ. ಹೊರಗಿನ ಜಗಲಿ ಮಾತ್ರ ಎಲ್ಲರಿಗೂ ಸೇರಿದ್ದು. ಅಲ್ಲಿಗೆ ಬಂದರೆ ಎಲ್ಲರೂ ಎಲ್ಲರಿಗೂ ಕಾಣುತ್ತಾರೆ. ಆದ್ದರಿಂದ ಜಗಳಗಳನ್ನೆಲ್ಲ ಜಗಲಿಗೆ ತಂದೇ ಆಡುವುದು ನಮ್ಮ ಪದ್ಧತಿ.

ಪಾಲು ಇದ್ದವರಿಗೆ ಮಾತ್ರ ಈ ಮನೆಯ ಬಾಗಿಲು ಕಾಣುತ್ತದೆ. ಇಲ್ಲದವರಿಗೆ ಸುತ್ತಲೂ ಬರೀ ಗೋಡೆ. ಹೋದ ವರ್ಷ ಚೆಲುವಾಂಬಕ್ಕನ ತಮ್ಮ ದೂರದಿಂದ ಹಲಸಿನಹಣ್ಣು ಹೊತ್ತುಕೊಂಡು ಬಂದು, ಮನೆಯನ್ನು ದೇವಸ್ಥಾನದಂತೆ ಪ್ರದಕ್ಷಿಣೆ ಹಾಕಿ, ಹಣ್ಣನ್ನು ಜಗಲಿಯ ಮೇಲಿಟ್ಟು, ಅಕ್ಕನ ಕೈಯಲ್ಲಿ ಒಂದು ಲೋಟ ನೀರು ಕುಡಿದು ವಾಪಸು ಹೋದ. ಅವನಿಗೆ ಬಾಗಿಲು ಸಿಗಲಿಲ್ಲ. ಹಣ್ಣು ಚೆನ್ನಾಗಿತ್ತು.

ಮೊದಲೆಲ್ಲ ಈ ಹಂಚಿಕೆಯನ್ನು ಮನೆಯೇ ಹೇಗೋ ಅಂದಾಜಿನ ಮೇಲೆ ನೋಡಿಕೊಳ್ಳುತ್ತಿತ್ತು. ಆದರೆ ಜನ ಹೆಚ್ಚಾದ ಮೇಲೆ ಅದಕ್ಕೂ ವಯಸ್ಸಾಯಿತು. ಒಂದು ಹಬ್ಬದ ದಿನ ಎಲ್ಲರೂ ಒಟ್ಟಿಗೆ ಒಲೆ ಹೊತ್ತಿಸಿದಾಗ ನನ್ನ ಶಾವಿಗೆ ಪಾಯಸದಲ್ಲಿ ಚೆಲುವಾಂಬಕ್ಕನ ಮೀನಿನ ತುಂಡೊಂದು ತೇಲಿ ಬಂತು. ನಾನು ಸಮಾಧಾನದವಳು, ಏನೂ ಅನ್ನಲಿಲ್ಲ. ಜಗಲಿಗೆ ಹೋಗಿ ಪಾತ್ರೆಯನ್ನು ಎಲ್ಲರಿಗೂ ತೋರಿಸಿದೆ, ಅಷ್ಟೆ. ಚೆಲುವಾಂಬಕ್ಕ, “ನನ್ನ ಸಾರಲ್ಲಿ ಶಾವಿಗೆ ಸಿಕ್ಕಿದ್ದು ನಾನು ಯಾರಿಗಾದ್ರೂ ಹೇಳಿದ್ನಾ?” ಎಂದಳು. ಅಂದೇ ಮನೆ ಸಮಿತಿ ಸೇರಿತು.

ಸಮಿತಿಯ ಅಧ್ಯಕ್ಷರು ಬೋರಲಿಂಗಯ್ಯನವರು. ಅವರು ಶಾಲು ಹೊದ್ದು ಮಾತಾಡಿದರು. “ಪಕ್ಕದೂರಿನೋರು ಪಾಲು ಹಂಚೋಕೆ ಹೈಪರ್‌ವೈಸರ್ ಹಾಕಿಸ್ಕೊಂಡು ಮೋಡಕ್ಕೆ ಸೇರ್ಕೊಂಡ್ರು. ನಾವಿನ್ನೂ ನೆಲದ ಮೇಲೇ ಕೂತಿದೀವಿ. ನಾಚಿಕೆ ಆಗ್ಬೇಕು.”

“ಮೋಡ ಅಂದ್ರೆ ಏನು ಅಧ್ಯಕ್ಷರೇ?” ಎಂದು ಯಾರೋ ಕೇಳಿದರು.

“ಮೋಡ ಅಂದ್ರೆ ಮೋಡ ಕಣಯ್ಯಾ. ಮೇಲಿರುತ್ತೆ.”

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಇನ್ನೇನು, ಎಲ್ಲರೂ ಕೈ ಎತ್ತಿದರು.

ಹೈಪರ್‌ವೈಸರ್ ಹಾಕಲು ಬಂದವಳು ರುಖಿಯಾ ಎಂಬ ಹುಡುಗಿ. ತಲೆಗೆ ನೀಲಿ ದುಪಟ್ಟಾ, ಬೆನ್ನಿಗೆ ಕಂಪ್ಯೂಟರ್ ಚೀಲ, ಕೈಯಲ್ಲಿ ಒಂದು ಕಪ್ಪು ಪೆಟ್ಟಿಗೆ. ಪೆಟ್ಟಿಗೆಯನ್ನು ಮನೆಯೊಳಗೆ ಇಡುವುದಿಲ್ಲವಂತೆ, ಅಡಿಪಾಯದಲ್ಲಿ, ಬರೀ ಕಲ್ಲಿನ ಮೇಲೇ ಕೂರಿಸಬೇಕಂತೆ. ನಾನು ಅವಳಿಗೆ ಕಾಫಿ ಕೊಟ್ಟು, ಇದು ಮಾಡುವ ಕೆಲಸವೇನು ಎಂದು ವಿಚಾರಿಸಿದೆ.

“ಎಲ್ಲರಿಗಿಂತ ಮೊದಲು ಏಳುತ್ತೆ ಅಕ್ಕ. ಎಲ್ಲರೂ ಮಲಗಿದ ಮೇಲೆ ಮಲಗುತ್ತೆ. ಯಾರಿಗೆ ಎಷ್ಟು ಬೇಕೋ ನೋಡಿ ಬಡಿಸುತ್ತೆ. ಒಬ್ಬರದು ಇನ್ನೊಬ್ಬರಿಗೆ ತಾಗದ ಹಾಗೆ ನೋಡ್ಕೊಳ್ಳುತ್ತೆ. ಕೆಲಸ ಸರಿಯಾಗಿ ಮಾಡಿದ್ರೆ ಅದು ಇದೆ ಅಂತಾನೇ ಯಾರಿಗೂ ಗೊತ್ತಾಗಲ್ಲ.”

“ಅಷ್ಟಕ್ಕೆ ಪೆಟ್ಟಿಗೆ ಯಾಕಮ್ಮ ಹೊತ್ತು ತಂದೆ? ನಮ್ಮೂರಲ್ಲಿ ಅಂಥವರು ಪಾಲಿಗೊಬ್ಬರು ಇದೀವಲ್ಲ.”

ಅವಳು ನಕ್ಕಳು. ಬೋರಲಿಂಗಯ್ಯನವರು ನಗಲಿಲ್ಲ. ಅವರು ಹೈಪರ್‌ವೈಸರ್‌ಗೆ ಹೂವಿನ ಹಾರ ತಂದಿದ್ದರು.

ಪೆಟ್ಟಿಗೆ ಮೊದಲಿಗೆ ಏಳಲೇ ಇಲ್ಲ. ಸಮಿತಿಯವರು ದಿಕ್ಕು ಸರಿಯಿಲ್ಲ ಎಂದು ಅದನ್ನು ಪೂರ್ವಕ್ಕೆ ತಿರುಗಿಸಿದರು, ಆಮೇಲೆ ಉತ್ತರಕ್ಕೆ. ರುಖಿಯಾ ಅಷ್ಟರಲ್ಲಿ ಅಡಿಪಾಯದ ಸಂದಿಯಲ್ಲಿ ಕೈ ಹಾಕಿ, ಮನೆ ಕಟ್ಟಿದವರೇ ಆರಿಸಿಟ್ಟು ಮರೆತಿದ್ದ ಒಂದು ಪುಟ್ಟ ಸ್ವಿಚ್ಚನ್ನು ಹಾಕಿದಳು. ಪೆಟ್ಟಿಗೆ ಗುಂಯ್ ಎಂದಿತು. ಉತ್ತರ ದಿಕ್ಕೇ ಸರಿ ಎಂದು ಸಮಿತಿಯಲ್ಲಿ ತೀರ್ಮಾನವಾಯಿತು.

ಆಮೇಲೆ ಅವಳು ಜಗಲಿಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು ಕೇಳಿದಳು: ಎಷ್ಟು ಒಲೆ ಬೇಕು, ಎಷ್ಟು ಅಟ್ಟ ಬೇಕು, ಎಷ್ಟು ಮೆಮೊರಿ, ಅಂದರೆ ನೆನಪು ಬೇಕು. ಬಿಟ್ಟಿ ಸಿಗುವುದನ್ನು ಕಮ್ಮಿ ಕೇಳುವ ಜನ ನಾವಲ್ಲ. ಒಂಟಿ ಮುದುಕರೂ ಛತ್ರಕ್ಕೆ ಸಾಲುವಷ್ಟು ಒಲೆ ಕೇಳಿದರು. ಅವಳು ಎಲ್ಲರಿಗೂ ಆಗಲಿ ಎಂದಳು.

“ಇರೋದಕ್ಕಿಂತ ಕೊಟ್ಟಿದ್ದೇ ಜಾಸ್ತಿ ಆಯ್ತಲ್ಲಮ್ಮ?” ಎಂದೆ.

“ಎಲ್ಲರೂ ಒಟ್ಟಿಗೆ ಬಳಸಲ್ಲವಲ್ಲ ಅಕ್ಕ. ಕೊಟ್ಟಿದೀವಿ ಅಂದ್ರೆ ಸಾಕು.”

ಮದುವೆಮನೆಯಲ್ಲಿ ಹೋಳಿಗೆ ಮುಗಿಯುತ್ತ ಬಂದಾಗ, ಖಾಲಿಯಾಗುತ್ತಿರುವ ತಟ್ಟೆಯನ್ನು ಎತ್ತರಕ್ಕೆ ಹಿಡಿದು “ಯಾರಿಗೆ ಹೋಳಿಗೆ, ಯಾರಿಗೆ ಹೋಳಿಗೆ” ಎಂದು ನಗುತ್ತ ಸಾಗುವವರ ಧೈರ್ಯ ಈ ಹುಡುಗಿಗೂ ಇದೆ ಎಂದುಕೊಂಡೆ. ಹಂಚುವ ಕಲೆ ಎಲ್ಲ ಕಡೆ ಒಂದೇ.

ಇನ್ನೊಂದು ವಿಷಯ ಮಾತ್ರ ನನಗೆ ಹಿಡಿಸಲಿಲ್ಲ. ಪೆಟ್ಟಿಗೆಯ ಭಾಷೆಯಲ್ಲಿ ಮನೆಯೊಳಗಿರುವವರಿಗೆಲ್ಲ ಅತಿಥಿ ಎಂದು ಹೆಸರಂತೆ. “ಇಷ್ಟು ವರ್ಷ ಇಲ್ಲಿ ಗುಡಿಸಿ ಸಾರಿಸಿದ್ದೀನಿ, ನಾನು ಅತಿಥಿನಾ?” ಎಂದೆ. “ಎಲ್ಲರೂ ಅತಿಥಿಗಳೇ ಅಕ್ಕ” ಎಂದಳು ರುಖಿಯಾ. ಸರಿ, ಎಲ್ಲರೂ ಅತಿಥಿಗಳಾದರೆ ಪಾತ್ರೆ ತೊಳೆಯುವವರು ಯಾರು ಎಂದು ಕೇಳಿದ್ದಕ್ಕೆ ಅವಳು ಕಂಪ್ಯೂಟರಿನಲ್ಲಿ ಹುಡುಕತೊಡಗಿದಳು.

ಹೈಪರ್‌ವೈಸರ್ ಎನ್ನಲು ಯಾರ ನಾಲಿಗೆಯೂ ಹೊರಳದೆ ಅದಕ್ಕೆ ‘ದೊಡ್ಡ ಯಜಮಾನರು’ ಎಂದು ಹೆಸರಾಯಿತು. ದೊಡ್ಡ ಯಜಮಾನರಿಗೆ ಕಿವಿಯಿದೆ, ಬಾಯಿಯಿದೆ. ಗುಂಡಿ ಒತ್ತುವುದಕ್ಕಿಂತ ಮಾತಾಡಿಸುವಂಥದ್ದೇ ಇರಲಿ, ನಮ್ಮ ಹೆಂಗಸರಿಗೆ ಸುಲಭ ಎಂದು ಬೋರಲಿಂಗಯ್ಯನವರು ಹೇಳಿದ್ದರು. ಟಿವಿಯ ರಿಮೋಟನ್ನು ತಲೆಕೆಳಗಾಗಿ ಹಿಡಿಯುವ ಅವರಿಗೆ ಹೆಂಗಸರ ಕಷ್ಟ ಚೆನ್ನಾಗಿ ಗೊತ್ತು. ಇನ್ನೊಂದು ಕಟ್ಟಳೆಯನ್ನೂ ಅವರೇ ಹಾಕಿಸಿ ಬೀಗ ಜಡಿಸಿದರು: ಯಾರ ಜಾಗವನ್ನೂ ಹೊರಗಿನವರು ಮುಟ್ಟಕೂಡದು, ಬಿಡುವುದಿದ್ದರೆ ಆ ಪಾಲಿನವರೇ ಬಾಯಿಬಿಟ್ಟು ಹೇಳಬೇಕು.

ದೊಡ್ಡ ಯಜಮಾನರಿಗೆ ಕನ್ನಡ ಬರುತ್ತದೆ. ಆದರೆ ವ್ಯಾಕರಣ ಪುಸ್ತಕದ ಕನ್ನಡ. ಮೊದಲ ದಿನ ಊಟವಾದ ಮೇಲೆ ನಾವೆಲ್ಲ ವಾಡಿಕೆಯಂತೆ “ದೀಪ ದೊಡ್ಡದು ಮಾಡು” ಎಂದೆವು. ದೀಪ ಆರಿಸು ಎಂದು ಬಾಯಲ್ಲಿ ಹೇಗೆ ಹೇಳುವುದು? ದೊಡ್ಡ ಯಜಮಾನರು ದೊಡ್ಡದು ಮಾಡಿದರು. ಮನೆಯೆಲ್ಲ ಮಟಮಟ ಮಧ್ಯಾಹ್ನದಂತಾಯಿತು. ಕೇಳಿಸಲಿಲ್ಲವೇನೋ ಎಂದು ನಾವು ಇನ್ನೂ ಜೋರಾಗಿ ಹೇಳಿದೆವು, ಅದು ಇನ್ನೂ ಜೋರಾಗಿ ಉರಿಸಿತು. ಬೆಳಿಗ್ಗೆ ರುಖಿಯಾ ಬಂದು ಅದಕ್ಕೆ ಆ ಮಾತಿನ ಅರ್ಥ ಕಲಿಸುವವರೆಗೂ ಊರಿನವರೆಲ್ಲ ಕಣ್ಣಿನ ಮೇಲೆ ಟವೆಲು ಹಾಕಿಕೊಂಡು ಮಲಗಿದ್ದೆವು. ಆದರೂ ದೀಪ ಆರಿಸು ಎಂದವರು ಒಬ್ಬರೂ ಇಲ್ಲ.

ಅದೇ ಬೆಳಿಗ್ಗೆ ದೊಡ್ಡ ಯಜಮಾನರು ಪ್ರತಿ ಪಾಲಿಗೂ ಬಂದು, ವಾರ್ತೆ ಓದುವವರ ದನಿಯಲ್ಲಿ, ಮನೆಯಲ್ಲಿ ಯಾರು ಯಾರು ಇದ್ದೀರಿ ಎಂದು ಕೇಳಿದರು. ನನ್ನ ಸರದಿ ಬಂದಾಗ ನಾನು ದೋಸೆ ಹುಯ್ಯುತ್ತಿದ್ದೆ.

“ತಮ್ಮ ಯಜಮಾನರು?”

“ಹೊರಗೆ ಹೋಗಿದ್ದಾರೆ” ಎಂದೆ. ಕೇಳಿದವರಿಗೆಲ್ಲ ಹಾಗೇ ಹೇಳುತ್ತ ಬಂದಿದ್ದೇನೆ.

“ಹೊರಡುವಾಗ ಏನೆಂದರು?”

ನಾನು ಸುಳ್ಳು ಹೇಳುವವಳಲ್ಲ. “ಬಂದೆ, ಅಂದರು.”

“ಬಂದಿದ್ದಾರೆ” ಎಂದು ದೊಡ್ಡ ಯಜಮಾನರು ಬರೆದುಕೊಂಡರು.

ನನ್ನ ಗಂಡ ಪದ್ಮರಾಜು ‘ಬಂದೆ’ ಎಂದು ಹೇಳಿ ಹೊರಟದ್ದು ನನ್ನ ಮಗಳು ಹೇಮಾಂಗಿಗೆ ಹಾಲುಹಲ್ಲು ಬೀಳುತ್ತಿದ್ದ ಕಾಲದಲ್ಲಿ. ಈಗ ಅವಳೇ ಬಸುರಿ. ನಡುವೆ ಅವರು ಸತ್ತಿಲ್ಲ, ಸನ್ಯಾಸಿಯಾಗಿಲ್ಲ. ಸಂತೆಯಲ್ಲಿ ಕಂಡೆ, ಚೆನ್ನಾಗಿದ್ದಾರೆ, ಸ್ವಲ್ಪ ದಪ್ಪಗಾಗಿದ್ದಾರೆ ಎಂದು ಊರಿನವರು ಆಗಾಗ ಬಂದು ಹೇಳುತ್ತಾರೆ. ನನಗೆ ಸಂತೋಷವಾಗಲಿ ಎಂದು ಹೇಳುತ್ತಾರೆ. ನಾನೂ ಸಂತೋಷಪಟ್ಟು ಕಾಫಿ ಕೊಡುತ್ತೇನೆ.

ಅಂದಿನಿಂದ ನನ್ನ ಪಾಲಿನಲ್ಲಿ ಅವರ ಸಂಸಾರ ಶುರುವಾಯಿತು. ದಿನವೂ ಬೆಳಿಗ್ಗೆ ದೊಡ್ಡ ಯಜಮಾನರು ಅವರಿಗಾಗಿ ಒಂದು ಹಂಡೆ ನೀರು ಕಾಯಿಸಿಡುತ್ತಾರೆ. ಅವರ ಮಂಚದ ಜಾಗ ಅವರಿಗೇ. ನಾನು ಅಲ್ಲಿ ಒಂದು ಮೊರ ಇಡಲು ಹೋದರೆ ಮೊರ ಜಾರಿ ಇತ್ತ ಬೀಳುತ್ತದೆ. ಒಂದು ಒಲೆ ಅವರ ಕಾಫಿಗೆಂದು ಕಾದಿರುತ್ತದೆ. ಇದ್ದಾಗಲೂ ಇಷ್ಟು ಜಾಗ ಹಿಡಿದವರಲ್ಲ. ಇಲ್ಲದ ಮೇಲೆ ಅರ್ಧ ಮನೆ ಅವರದೇ ಆಯಿತು. ಆ ಬಿಸಿನೀರಿನಲ್ಲಿ ನಾನು ಪಾತ್ರೆ ತೊಳೆದುಕೊಳ್ಳುತ್ತಿದ್ದೆ. ಗಂಡನಿಂದ ಇಷ್ಟಾದರೂ ಉಪಕಾರವಾಯಿತಲ್ಲ ಎಂದು.

ಹೇಮು ಫೋನ್ ಮಾಡಿದ್ದು ಏಳು ತುಂಬಿದ ಮೇಲೆ. ಅವಳು ಗಂಡನ ಜೊತೆ ಬೇರೆ ಊರಿನಲ್ಲಿದ್ದಾಳೆ; ಕೊಟ್ಟ ಹೆಣ್ಣಿಗೆ ಇಲ್ಲಿ ಪಾಲಿಲ್ಲ. ಅತ್ತೆ ಇಲ್ಲ. ಅಳಿಯ ಬಹಳ ಒಳ್ಳೆಯವನು. ಬಾಣಂತನ ಎಂದರೇನು ಎಂದು ಅವನಿಗೆ ಅರ್ಥವಾಗುವಷ್ಟರಲ್ಲಿ ಮಗು ಶಾಲೆಗೆ ಹೋಗುತ್ತಿರುತ್ತದೆ, ಅಷ್ಟೆ ತೊಂದರೆ.

“ಅಮ್ಮಾ, ಅಲ್ಲಿಗೇ ಬರ್ತೀನಿ” ಎಂದಳು. “ಭಯ ಆಗುತ್ತೆ ಕಣಮ್ಮಾ. ಗೋಡೆ ಪಕ್ಕ ಒಂದು ಚಾಪೆಯಷ್ಟು ಜಾಗ ಸಾಕು. ನೀನು ಕೈಗೆ ಸಿಕ್ಕಬೇಕು, ಅಷ್ಟೇ.”

“ಬಾರೇ ಚಿನ್ನ. ಜಾಗಕ್ಕೇನು?” ಎಂದೆ.

ಆಮೇಲೆ ದೊಡ್ಡ ಯಜಮಾನರನ್ನು ಕರೆದೆ. “ಮಗಳು ಬರ್ತಾಳಪ್ಪ. ಅವಳಿಗೂ ಹುಟ್ಟೋ ಕೂಸಿಗೂ ಒಂದು ಪಾಲು ಮಾಡಿಕೊಡು.”

“ಜಾಗವಿಲ್ಲ.”

“ಬೇರೆ ಪಾಲು ಬೇಡ, ನನ್ನದರಲ್ಲೇ ಇರ್ತಾಳೆ.”

“ತಮ್ಮ ಪಾಲಿನಲ್ಲಿ ತಾವು ಮತ್ತು ತಮ್ಮ ಯಜಮಾನರು ಇದ್ದೀರಿ. ಪಾಲು ತುಂಬಿದೆ.”

“ಅವರೆಲ್ಲಿದ್ದಾರಪ್ಪ?”

“ಬಂದಿದ್ದಾರೆ.”

ಸಿಟ್ಟು ಮಾಡುವುದು ನನ್ನ ಸ್ವಭಾವವಲ್ಲ. ಹಿಟ್ಟು ನಾದುತ್ತಿದ್ದೆ, ಇನ್ನೂ ಸ್ವಲ್ಪ ಹೊತ್ತು ನಾದಿದೆ. ನನ್ನ ಕಣ್ಣ ಮುಂದೆ ಕಾಣುತ್ತಿದ್ದದ್ದು ಒಂದೇ: ತುಂಬಿದ ಹೊಟ್ಟೆ ಹೊತ್ತ ನನ್ನ ಹುಡುಗಿ ಈ ಮನೆಯ ಸುತ್ತ ಗೋಡೆ ಸವರುತ್ತ ಬಾಗಿಲು ಹುಡುಕುವುದು.

ಸಮಿತಿಯವರು ರುಖಿಯಾಳನ್ನು ಕರೆಸಿದರು. ಅವಳು ಜಗಲಿಯಲ್ಲಿ ಕೂತು, ಕಂಪ್ಯೂಟರ್ ತೆರೆದು, ನಾನು ಕೊಟ್ಟ ಚಕ್ಕುಲಿ ಮುಗಿಯುವುದರೊಳಗೆ ಕಾರಣ ಕಂಡುಹಿಡಿದಳು.

“ನಿಮ್ಮೂರ ಮನೆಯಲ್ಲಿ ಇರೋರಿಗಿಂತ ಬರೋರೇ ಜಾಸ್ತಿ ಆಗಿದಾರೆ” ಎಂದಳು. “ಹೊರಗೆ ಹೋದವರು ಎಲ್ಲರೂ ‘ಹೋಗಿ ಬರ್ತೀನಿ’ ಅಂತಾನೇ ಹೇಳಿ ಹೋಗಿದಾರೆ, ಪೆಟ್ಟಿಗೆ ಕೇಳಿದಾಗ ನೀವೂ ಹಾಗೇ ಹೇಳಿದೀರಿ. ಬರ್ತೀನಿ ಅಂದವರ ಜಾಗ ಅದು ಬೇರೆಯವರಿಗೆ ಕೊಡಲ್ಲ. ಬಳೆಗಾರ ಹೋಗಿ ಬರ್ತೀನಿ ಅಂದಿದಾನೆ, ಅವನಿಗೆ ಒಂದು ಕೋಣೆ. ಪಾತ್ರೆಗೆ ಕಲಾಯಿ ಹಾಕೋನಿಗೆ ಒಂದು. ಇದ್ಯಾರೋ ಹೆಣ್ಣು ನೋಡೋಕೆ ಬಂದು ‘ಊರಿಗೆ ಹೋಗಿ ತಿಳಿಸಿ ಬರ್ತೀವಿ’ ಅಂದಿದಾರೆ, ಆ ಗಂಡಿಗೂ ಅವರಪ್ಪ ಅಮ್ಮನಿಗೂ ಎರಡು ಕೋಣೆ, ನೀರು ಕಾದಿದೆ.”

ಆ ಹೆಣ್ಣಿಗೆ ಬೇರೆ ಕಡೆ ಮದುವೆಯಾಗಿ ಎರಡನೆಯ ಮಗುವಿನ ಕಿವಿ ಚುಚ್ಚಿದ್ದೂ ಆಗಿತ್ತು. ಎಲ್ಲರೂ ಆಕಾಶ ನೋಡಿದರು.

“ದೀಪದ ಮಾತು ಕಲಿಸಿದ ಹಾಗೆ ಇದನ್ನೂ ಕಲಿಸಿಬಿಡಮ್ಮ” ಎಂದಳು ಚೆಲುವಾಂಬಕ್ಕ.

“ಹೇಗೆ ಕಲಿಸಲಿ ಅಕ್ಕ? ದೀಪ ದೊಡ್ಡದು ಮಾಡು ಅಂದ್ರೆ ಯಾವಾಗಲೂ ಆರಿಸು ಅಂತಲೇ. ಹೋಗಿ ಬರ್ತೀನಿ ಅಂದವರಲ್ಲಿ ಬರೋರು ಯಾರು, ಬರದೇ ಇರೋರು ಯಾರು? ನಿಮಗೇ ಗೊತ್ತಾ?”

ರುಖಿಯಾ ಕಂಪ್ಯೂಟರ್ ಮುಚ್ಚಿದಳು.

“ಅದಕ್ಕೇ ಆಯಾ ಪಾಲಿನವರೇ ಬಂದು, ‘ಅವರು ಹೋದರು, ಜಾಗ ಬಿಡ್ತೀವಿ’ ಅಂತ ಒಂದು ಮಾತು ಹೇಳಬೇಕು. ಅಷ್ಟೇ ಕೆಲಸ.”

ಅಷ್ಟೇ ಕೆಲಸ! ನಮ್ಮೂರಿನಲ್ಲಿ ಸೇದುವ ಬಾವಿಗೆ ಇಳಿ ಎಂದರೆ ಇಳಿಯುವವರಿದ್ದಾರೆ. ‘ಹೋದರು’ ಎಂದು ಬಾಯಿಬಿಟ್ಟು ಹೇಳುವವರು ಇಲ್ಲ. ಇದ್ದವರ ಬಗ್ಗೆ ಹೇಳಿದರೆ ಅವರ ಆಯುಸ್ಸಿಗೆ ಕೇಡು, ಸತ್ತವರ ಬಗ್ಗೆ ಹೇಳಿದರೆ ಅವರಿಗೆ ಬೇಜಾರು. ಬೋರಲಿಂಗಯ್ಯನವರ ತಂದೆ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಪೆಟ್ಟಿಗೆ ಕೇಳಿದಾಗ ಅವರು, “ಅಪ್ಪಾಜಿ ದೇವರ ಹತ್ರ ಹೋಗಿದಾರೆ” ಎಂದಿದ್ದರು. ದರ್ಶನ ಮುಗಿಸಿಕೊಂಡು ಬರುತ್ತಾರೆ ಎಂದು ದೊಡ್ಡ ಯಜಮಾನರು ಹಜಾರದಷ್ಟು ದೊಡ್ಡ ಕೋಣೆಯನ್ನೇ ಇಟ್ಟಿದ್ದರು.

“ಅಧ್ಯಕ್ಷರೇ, ನೀವೇ ಮೊದಲು ಹೇಳಿ” ಎಂದೆ.

ಅವರು ಕಣ್ಣು ಒರೆಸಿಕೊಂಡರು. “ಹೆತ್ತಪ್ಪನ ಜಾಗ ಬಿಡ್ತೀನಿ ಅಂತ ಯಾವ ಬಾಯಲ್ಲಿ ಹೇಳಲಮ್ಮ ಅಂಬುಜಾಕ್ಷಿ?”

ಹೆತ್ತಪ್ಪನ ಆ ಜಾಗದಲ್ಲಿ ಸದ್ಯಕ್ಕೆ ಅವರು ಈರುಳ್ಳಿ ಹರವಿದ್ದಾರೆ. ಅವರಿಗೆ ಕಣ್ಣೀರು ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಹೇಳುವುದೊಂದನ್ನು ಬಿಟ್ಟು ಸಮಿತಿ ಮಿಕ್ಕೆಲ್ಲವನ್ನೂ ಮಾಡಿತು. ಮೊದಲು ಬಲೂನು ಬಂತು. ಕೆಲಸವಿಲ್ಲದೆ ಕೂತವರ ಮೆಮೊರಿಯನ್ನು ಬಲೂನು ಉಬ್ಬಿಸಿ ಒತ್ತಿ ತೆಗೆದು, ಕೆಲಸವಿರುವವರಿಗೆ ಕೊಡುವ ಏರ್ಪಾಡಂತೆ ಅದು. ಸುಮ್ಮನೆ ಕೂತವರಿಗೆ ಕನ್ನಡಕ ಎಲ್ಲಿಟ್ಟೆ ಎನ್ನುವುದು ಮರೆಯಿತು, ಆಮೇಲೆ ಹೆಂಡತಿಯ ತವರೂರು ಮರೆಯಿತು. ಗಂಡಸರು ಹೆದರಿ ಕೆಲಸ ಹುಡುಕತೊಡಗಿದರು. ಹುರುಳಿಕಾಯಿ ನಾರು ತೆಗೆಯುವವರೇನು, ಒಗೆದ ಬಟ್ಟೆ ಮತ್ತೆ ಮಡಿಸುವವರೇನು! ಪಿಂಚಣಿ ಮೇಷ್ಟ್ರೊಬ್ಬರು ಹತ್ತೊಂಬತ್ತರ ಮಗ್ಗಿಯನ್ನು ಇಡೀ ದಿನ ಹೇಳಿಕೊಂಡೇ ಇದ್ದರು. ಹೆಂಗಸರ ಹತ್ತಿರ ಬಲೂನು ಸುಳಿಯಲೂ ಇಲ್ಲ. ಅದಕ್ಕೆ ಉಬ್ಬಲು ಸಂದು ಸಿಗಲಿಲ್ಲ. ಊರು ಇಷ್ಟು ಚೊಕ್ಕಟವಾಗಿದ್ದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಆದರೆ ಜಾಗ ಮಾತ್ರ ಆಗಲಿಲ್ಲ.

ಆಮೇಲೆ ಬೋರಲಿಂಗಯ್ಯನವರಿಗೆ ಮೋಡ ನೆನಪಾಯಿತು. “ನಿನ್ನ ಮಗಳನ್ನ ಮೋಡಕ್ಕೆ ಹಾಕ್ಸೋಣ. ಮಲಗಿರೋ ಹಾಗೇ ಬೇರೆ ಊರಿನ ಮನೆಗೆ ದಾಟಿಸ್ತಾರಂತೆ. ಅವಳಿಗೆ ಗೊತ್ತೂ ಆಗಲ್ಲ.”

“ಹೌದಾ ರುಖಿಯಾ?” ಎಂದೆ.

“ಹೌದು ಅಕ್ಕ. ಮೋಡ ಅಂದ್ರೆ ಮೇಲೇನೂ ಇಲ್ಲ, ಇನ್ನೊಂದೂರಿನ ಮನೆ ಅಷ್ಟೇ. ಜಾಗ ಎಲ್ಲಿದೆಯೋ ಅಲ್ಲಿಗೆ ದಾಟಿಸಬಹುದು.”

“ಅಲ್ಲಿ ಇವಳಿಗೆ ನೀರು ಹಾಕೋರು ಯಾರು?”

ರುಖಿಯಾ ಕಂಪ್ಯೂಟರಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು. “ಆ ಕಾಲಂ ಇಲ್ಲ ಅಕ್ಕ” ಎಂದು ಮೆಲ್ಲಗೆ ಹೇಳಿದಳು.

ಹೀಗೆ ಮಾತಿನಲ್ಲೇ ದಿನಗಳು ಕಳೆದು, ಹೇಮು ಬರುವ ದಿನ ಬಂದೇ ಬಿಟ್ಟಿತು. ಬೆಳಿಗ್ಗೆ ಬಸ್ಸು ಹತ್ತಿದೆ ಎಂದು ಫೋನ್ ಬಂತು; ಊಟದ ಹೊತ್ತಿಗೆ ಇಲ್ಲಿರುತ್ತಾಳೆ. ನಾನು ಗಂಡನ ಬಚ್ಚಲಿಗೆ ಹೋದೆ. ಹಂಡೆಯಲ್ಲಿ ನೀರು ಮರಳುತ್ತಿತ್ತು. ನನ್ನ ಹುಡುಗಿಗೆ ಸ್ನಾನಕ್ಕೆ ಬೇಕಾದ ನೀರು, ಅವಳಿಗೆ ಮಲಗಲು ಬೇಕಾದ ಜಾಗ, ಅವಳ ಕಷಾಯಕ್ಕೆ ಬೇಕಾದ ಒಲೆ, ಮೂರೂ ಇಲ್ಲೇ ಇದ್ದವು. ನಡುವೆ ಇದ್ದದ್ದು ಒಂದು ‘ಬಂದೆ’. ನಾನು ಮುಖ ತೊಳೆದು, ತಲೆ ಬಾಚಿ, ಎಂದಿಗಿಂತ ಸ್ವಲ್ಪ ದೊಡ್ಡದಾಗಿಯೇ ಕುಂಕುಮ ಇಟ್ಟುಕೊಂಡು ಜಗಲಿಗೆ ನಡೆದೆ.

ಜಗಲಿಯಲ್ಲಿ ಊರೇ ಇತ್ತು. ಗಂಡಸರು ಅವರೆಕಾಯಿ ಸುಲಿಯುತ್ತಿದ್ದರು. ನಾನು ಏನು ಮಾಡಲಿದ್ದೇನೆ ಎಂದು ಎಲ್ಲರಿಗೂ ಹೇಗೋ ತಿಳಿದಿತ್ತು. ಒಬ್ಬರೂ ತಡೆಯಲಿಲ್ಲ, ಒಬ್ಬರೂ ಎದ್ದು ಒಳಗೂ ಹೋಗಲಿಲ್ಲ.

“ದೊಡ್ಡ ಯಜಮಾನರೇ, ನಮ್ಮ ಯಜಮಾನರ ವಿಷಯ” ಎಂದೆ.

“ಬಂದಿದ್ದಾರೆ.”

“ಬಂದಿಲ್ಲ.” ಸೆರಗನ್ನು ಬಿಗಿಯಾಗಿ ಸುತ್ತಿಕೊಂಡೆ. ಅವರನ್ನು ನೆನೆದು ಅಲ್ಲ. ಅವರ ಮುಖ ನನಗೆ ಅರ್ಧ ಮರೆತಿದೆ. ಆದರೆ ನನ್ನ ತಾಯಿ, ಅವಳ ತಾಯಿ, ಎಲ್ಲರೂ ಬಾಯಿ ಮುಚ್ಚಿಕೊಂಡು ಕಾಪಾಡಿಕೊಂಡು ಬಂದ ಒಂದು ಮಾತು ನನ್ನ ನಾಲಿಗೆಯ ಮೇಲೆ ಕೂತಿತ್ತು. ಬಸ್ಸು ಇಷ್ಟು ಹೊತ್ತಿಗೆ ಸೇತುವೆ ದಾಟಿರುತ್ತದೆ ಎಂದು ಯೋಚಿಸಿದೆ. “ಅವರು ಹೋದ್ರು” ಎಂದೆ.

ಅವರೆಕಾಯಿ ಸುಲಿಯುವ ಸದ್ದು ನಿಂತಿತು.

“ಹೋಗಿ ಬರುತ್ತಾರೆಯೇ?” ಎಂದರು ದೊಡ್ಡ ಯಜಮಾನರು.

ನಾನು ಬಾಯಿ ತೆರೆಯುವುದರೊಳಗೆ ಚೆಲುವಾಂಬಕ್ಕ ಕೈಯಲ್ಲಿದ್ದ ಮೊರ ಬಿಸಾಡಿ ಓಡಿ ಬಂದಳು. “ಅಯ್ಯೋ ಅಂಬುಜಾ! ಹಣೆ ತುಂಬ ಕುಂಕುಮ ಇಟ್ಕೊಂಡು ಎಂಥ ಮಾತು ಆಡ್ತಿದೀಯೇ! ಗಂಡನ್ನ ಹೋದ್ರು ಅಂತಾರಾ? ಬಿಡ್ತು ಅನ್ನು! ಮೊದಲು ಬಿಡ್ತು ಅನ್ನು!”

ಎಲ್ಲರೂ ಸೇರಿ ಕೂಗಿದರು: “ಬಿಡ್ತು ಅನ್ನಮ್ಮಾ! ಬಿಡ್ತು ಅನ್ನು!”

ಕೆಟ್ಟ ಮಾತು ಬಾಯಿಂದ ಬಿದ್ದರೆ ಬಿಡ್ತು ಎಂದು ಅದನ್ನು ತೊಳೆದುಕೊಳ್ಳಬೇಕು. ಮಾತು ಕಲಿತಾಗಿನಿಂದ ಇದು ನಮಗೆ ಗೊತ್ತು. ಹಿರಿಯರು ಅನ್ನು ಎಂದರೆ ಅನ್ನುವುದು, ಯಾಕೆ ಎಂದು ಕೇಳುವುದಿಲ್ಲ.

“ಬಿಡ್ತು” ಎಂದೆ.

“ಬಿಡಲಾಗಿದೆ” ಎಂದರು ದೊಡ್ಡ ಯಜಮಾನರು.

ಒಳಗಿನಿಂದ, ಬಹಳ ದಿನದಿಂದ ಹಿಡಿದಿಟ್ಟ ಉಸಿರನ್ನು ಯಾರೋ ಬಿಟ್ಟಂಥ ಸದ್ದು ಬಂತು. ನನ್ನ ಪಾಲಿನ ಗೋಡೆ ಹಿಂದಕ್ಕೆ ಸರಿಯುವುದು ಜಗಲಿಯಿಂದಲೇ ಕೇಳಿಸಿತು. ರುಖಿಯಾ ಕಂಪ್ಯೂಟರ್ ನೋಡಿದಳು, ನನ್ನನ್ನು ನೋಡಿದಳು, ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು. “ಜಾಗ ಆಯ್ತು ಅಕ್ಕ. ಇಬ್ಬರಿಗೆ.”

ಊರಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ಅಪಶಕುನ ಹೇಳಬಹುದು, ಹೇಳಿದ್ದನ್ನು ಶಾಸ್ತ್ರೋಕ್ತವಾಗಿ ತೊಳೆದುಕೊಳ್ಳಬಹುದು, ತೊಳೆದುಕೊಂಡದ್ದಕ್ಕೇ ಜಾಗವೂ ಸಿಗುತ್ತದೆ; ಇಷ್ಟು ಅನುಕೂಲವಾದ ಧರ್ಮ ಇನ್ನೆಲ್ಲಿದೆ? ಚೆಲುವಾಂಬಕ್ಕನೇ ಮುಂದೆ ನಿಂತು, “ಬಳೆಗಾರ ಹೋದ, ಬಿಡ್ತು! ಕಲಾಯಿಯೋನು ಹೋದ, ಬಿಡ್ತು!” ಎಂದು ಕೆನ್ನೆ ಬಡಿದುಕೊಳ್ಳುತ್ತ ಒಬ್ಬೊಬ್ಬರನ್ನೇ ಕಳಿಸಿಕೊಟ್ಟಳು. ಬೋರಲಿಂಗಯ್ಯನವರು ಎಲ್ಲರಿಗಿಂತ ಕೊನೆಗೆ, ಈರುಳ್ಳಿಗೆ ಬೇರೆ ವ್ಯವಸ್ಥೆಯಾದ ಮೇಲೆ, ತಂದೆಯನ್ನು ಭಕ್ತಿಯಿಂದ ಬಿಟ್ಟುಕೊಟ್ಟರು. ಮರುದಿನ ಸಮಿತಿಯ ಬೋರ್ಡಿನ ಮೇಲೆ, ಅಧ್ಯಕ್ಷರ ದೂರದೃಷ್ಟಿಯಿಂದ ಸ್ಥಳಾವಕಾಶ ದೊರಕಿದೆ ಎಂದು ಸುಣ್ಣದಲ್ಲಿ ಬರೆದಿತ್ತು. ನನ್ನ ಬಗ್ಗೆ, ಗಂಡ ಇರುವಾಗಲೇ ಹೋದ್ರು ಎಂದವಳು ಎಂದು ಮಾತಾಡಿಕೊಂಡರು. ಮಾತಾಡಿದವರೂ ಹೊಸ ಕೋಣೆಗಳಲ್ಲಿ ಕಾಲು ಚಾಚಿಕೊಂಡೇ ಮಾತಾಡಿದರು.

ಹೇಮು ಬಂದಳು. ಕಾಲು ಬಾತಿದ್ದವು. ಅವಳು ಬಾಗಿಲು ಹುಡುಕಲಿಲ್ಲ, ನೇರವಾಗಿ ನಡೆದು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಎಲ್ಲರ ಮಕ್ಕಳೂ ತವರಿಗೆ ಹಾಗೇ ಬರುತ್ತಾರೆ. ನಾನು ಅಡುಗೆಮನೆಗೆ ಹೋಗಿ, ಸೆರಗಿನಿಂದ ಮುಖ ಒರೆಸಿಕೊಂಡು, ನೀರು ತಂದುಕೊಟ್ಟೆ. “ಇಷ್ಟು ದೊಡ್ಡ ಜಾಗ ಯಾವಾಗ ಆಯ್ತಮ್ಮಾ?” ಎಂದಳು. “ಇತ್ತು, ಸಾಮಾನು ತುಂಬಿತ್ತು” ಎಂದೆ.

ಹೆಣ್ಣುಕೂಸು. ನಾಮಕರಣದ ದಿನ ಜಗಲಿಯಲ್ಲೇ ಅಡುಗೆ. ಊಟವೆಲ್ಲ ಮುಗಿದು ಜನ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಮೂಲೆಯಲ್ಲಿ ಮಿಕ್ಸಿ ಇಟ್ಟುಕೊಂಡು, ಹೇಮುವಿನ ಬಾಣಂತಿ ಖಾರಕ್ಕೆ ಮೆಣಸು, ಒಣಶುಂಠಿ, ಕೊಬ್ಬರಿ ಹಾಕಿ ಮುಚ್ಚಳ ಹಾಕುತ್ತಿದ್ದೆ. ಮೆಟ್ಟಿಲ ಹತ್ತಿರ ಯಾರೋ ಕೆಮ್ಮಿದರು.

ನಿಜ, ಸ್ವಲ್ಪ ದಪ್ಪಗಾಗಿದ್ದರು.

“ಮೊಮ್ಮಗಳಂತೆ” ಎಂದರು ನನ್ನ ಗಂಡ. “ಕೇಳಿದೆ. ಸಂತೋಷ ಆಯ್ತು.” ಆಮೇಲೆ ಮನೆಯನ್ನು ಮೇಲಿಂದ ಕೆಳಗೆ ನೋಡಿದರು. “ಏನಿದು ಅಂಬುಜಾ, ಬಾಗಿಲೇ ಕಾಣ್ತಿಲ್ಲ?”

“ರಿಪೇರಿ ಆಯ್ತು” ಎಂದೆ. “ಕೂತ್ಕೊಳ್ಳಿ, ಊಟ ಮಾಡಿ.”

ಎಲೆ ಹಾಕಿದೆ. ಹೋಳಿಗೆ ಬಡಿಸಿದೆ, ಮೇಲೆ ತುಪ್ಪ ಬಡಿಸಿದೆ. ಅತಿಥಿಗಳನ್ನು ಉಪವಾಸ ಕಳಿಸುವ ಮನೆಯಲ್ಲ ನಮ್ಮದು. ಹೇಮು ಮಗುವನ್ನು ಎತ್ತಿಕೊಂಡು ಹೊರಗೆ ಬಂದು, ಅಪ್ಪನ ತೊಡೆಯ ಮೇಲೆ ಇಟ್ಟಳು. ಕೂಸು ಅವರ ಬೆರಳು ಹಿಡಿದು ಬಿಡಲಿಲ್ಲ. ಅವರ ಕಣ್ಣು ತುಂಬಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೂ ಒಂದು ಗಳಿಗೆ ಏನೋ ಆಯಿತು. ಅಷ್ಟರಲ್ಲಿ ಅವರು ಬೆರಳು ಬಿಡಿಸಿಕೊಂಡು, ಮಗುವನ್ನು ಹೇಮುವಿನ ಕೈಗೆ ಕೊಟ್ಟು, ಎದ್ದು ಪಂಚೆ ಕೊಡವಿದರು.

“ಇಲ್ಲೇ ಒಬ್ಬರನ್ನ ನೋಡೋದಿದೆ ಅಂಬುಜಾ” ಎಂದರು. ಮೆಟ್ಟಿಲು ಇಳಿದು, ಹಿಂದೆ ತಿರುಗಿ, ಬಾಯಿ ತೆರೆದರು.

ದೊಡ್ಡ ಯಜಮಾನರ ಕಿವಿ ಜಗಲಿಯಲ್ಲೂ ಇದೆ. ಇನ್ನೊಂದು ‘ಬಂದೆ’ ಕೇಳಿಸಿದರೆ ಸಾಕು. ಹೇಮು ನನ್ನನ್ನು ನೋಡಿದಳು. ನಾನು ಮಿಕ್ಸಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ.

ಅವರ ತುಟಿ ಅಲ್ಲಾಡಿತು. ಏನಂದರೋ ಪೆಟ್ಟಿಗೆಗೂ ಕೇಳಲಿಲ್ಲ, ನನಗೂ ಕೇಳಲಿಲ್ಲ. ಬೀದಿಯ ತಿರುವು ಬಂದು ಅವರು ಮರೆಯಾಗುವವರೆಗೂ ನಾನು ಮುಚ್ಚಳವನ್ನು ಒತ್ತಿ ಹಿಡಿದು ಕೂತಿದ್ದೆ. ಖಾರ ಬಹಳ ನುಣ್ಣಗಾಯಿತು.